ಚೀಟಿಯಲ್ಲಿ ಬಂದ ಐದನೇ ಮಾತು

ಮಾರ್ಚ್ 8, ಭಾನುವಾರ, ಬೆಳಿಗ್ಗೆ 6
ಇವರಿಗೆ ಎಂಟು ಚಮಚ ನೀರು — ಪುಡಿ ಬೆರೆಸಿ ಗಟ್ಟಿ ಮಾಡಿದ್ದು. ಸ್ಟ್ರೋಕ್ ಆಗಿ ಮೂರು ತಿಂಗಳು. ಮಾತಿಲ್ಲ, ನುಂಗೋದು ಕಷ್ಟ. ಬರೀ ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಗೊತ್ತಿದ್ದೂ ಜನವರಿಯಲ್ಲಿ ಒಂದು ಲೋಟ ಕೊಟ್ಟೆ. ಒಣಗಿದ ತುಟಿ ನೋಡೋಕಾಗಲಿಲ್ಲ. ಹನ್ನೊಂದು ದಿನ ಐಸಿಯು. ಆವತ್ತಿಂದ ಇವರು ಕಣ್ಣಲ್ಲೂ ನೀರು ಕೇಳಲ್ಲ. ನನಗೂ ಪ್ರಾರ್ಥನೆಗೆ ಕೂತರೆ ಬಾಯಿ ಬರಲ್ಲ.

ಸಂಜೆ
ಪಾಸ್ಟರ್ ಶರಣ್ ಬಂದಿದ್ರು. ಗುಡ್ ಫ್ರೈಡೆ ಆರಾಧನೆಯಲ್ಲಿ, ಶಿಲುಬೆಯ ಮೇಲೆ ಸ್ವಾಮಿ ಆಡಿದ ಏಳು ಮಾತಿಗೆ ಏಳು ಜನ ಮಾತಾಡ್ತೀವಿ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿ ತೀರ್ಮಾನ.
"ಆಂಟಿ, ನಿಮಗೆ ಐದನೇದು."
'ನನಗೆ ಬಾಯಾರಿದೆ' ಅನ್ನೋ ಮಾತು.
"ನೀರು ಕೊಟ್ಟು ಗಂಡನ್ನ ಐಸಿಯುಗೆ ಕಳಿಸಿದವಳು ನಾನು. ಬೇರೆ ಕೊಡಿ ಪಾಸ್ಟರ್."
"ನಾನು ಕೊಟ್ಟಿದ್ದಲ್ಲ, ಚೀಟೀಲಿ ಬಂದಿದ್ದು."
"ಚೀಟಿಗೆ ತಪ್ಪಾಗಲ್ವಾ?"
"ಆಗುತ್ತೆ. ಹೋದ ವರ್ಷ ನನ್ನ ಹೆಸರೇ ಎರಡು ಸಲ ಬಂತು." ಕಾಫಿ ಕುಡಿದು ಹೋದರು.

ಮಾರ್ಚ್ 29, ಗರಿಗಳ ಭಾನುವಾರ
ಬರೆದಿದ್ದನ್ನೆಲ್ಲ ಹರಿದೆ. ಬರೀ ಪುಸ್ತಕದ ಮಾತು… ಇವತ್ತು ಚಮಚ ಹಿಡಿದಾಗ ಹೊಳೀತು — ಐದನೇ ಮಾತಲ್ಲಿ ಸ್ವಾಮಿ ಉಪದೇಶ ಮಾಡಲಿಲ್ಲ. ತನಗೆ ಬೇಕಾದ್ದು ಹೇಳಿದ್ರು, ಅಷ್ಟೇ. ನಾನು? ಡಿಸೆಂಬರಿಂದ ಯಾರ ಹತ್ರಾನೂ ಏನೂ ಕೇಳಿಲ್ಲ. ಗಟ್ಟಿ ಹೆಂಗಸು ಅನ್ನಿಸಿಕೊಂಡು ಓಡಾಡಿದ್ದೇ ಬಂತು.

ಮಾರ್ಚ್ 31
ಇವರಿಗೆ ನುಂಗೋದು ಕಲಿಸೋ ಥೆರಪಿಸ್ಟ್ ಶ್ವೇತ ಬಂದಿದ್ಲು. "ಟೆಸ್ಟ್ ಚೆನ್ನಾಗಿದೆ ಆಂಟಿ. ಅಂಕಲ್‌ನ ನೆಟ್ಟಗೆ ಕೂರಿಸಿ, ಗದ್ದ ಬಗ್ಗಿಸಿ, ಅರ್ಧ ಚಮಚ ಬರೀ ನೀರು ಕೊಡಬಹುದು. ಅವರೇ ಬಾಯಿ ತೆಗೀಬೇಕು. ಒತ್ತಾಯ ಬೇಡ."
ತೆಗೀಲಿಲ್ಲ. ನನ್ನ ಕೈ ನೋಡಿದ್ರೆ ಭಯ ಇರಬೇಕು. ಇರಲಿ. ಕಾಯ್ತೀನಿ.

ಏಪ್ರಿಲ್ 3, ಗುಡ್ ಫ್ರೈಡೆ, ಸಂಜೆ 4.30
ಮಾತಾಡಿದೆ. ಮತ್ತೆ ಬರ್ಕೊಂಡಿದ್ದ ಹಾಳೆ ಬ್ಯಾಗಲ್ಲೇ ಉಳೀತು. ಲೋಟದ ಕಥೆ ಪೂರ್ತಿ ಹೇಳಿದೆ, ಇಡೀ ಸಭೆ ಮುಂದೆ. ಕೊನೆಗೆ — ನನಗೂ ಬಾಯಾರಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ ಅಂದೆ. ಮೂವತ್ತು ವರ್ಷ ಬೇರೆಯವರಿಗೋಸ್ಕರ ಮಂಡಿ ಊರಿದವಳು. ಕೇಳಿದ್ದು ಇದೇ ಮೊದಲು. ಬೆಂಚಿಗೆ ಬಂದು ಕೂತ ಮೇಲೆ ಪ್ರಾರ್ಥನೆ ತಾನಾಗೇ ಬಂತು. ಕಷ್ಟ ಹಾಗೇ ಇದೆ. ನಾನು ಮಾತ್ರ ಹಾಗೇ ಇಲ್ಲ.

ಕೋಣನಕುಂಟೆ ಟ್ರಾಫಿಕ್ ದಾಟಿ ಮನೆಗೆ ಬಂದೆ. ಇವರ ಹತ್ರ ಕೂತಿದ್ದ ಮನೆ ಓನರ್ ಅಂಜನಮ್ಮ ಎದ್ದು ಮೇಲೆ ಹೋದ್ರು. "ರೀ, ಎಲ್ಲಾ ಹೇಳಿಬಿಟ್ಟೆ. ನನ್ನ ಮರ್ಯಾದೆ ಹೋಯ್ತು" ಅಂದೆ. ಎಡಗಡೆ ತುಟಿ ಅಲ್ಲಾಡ್ತು. ನಗುನೇ ಅದು.

ಮಂಚದ ಪಕ್ಕ ಕೂತು ಬರೀತಿದೀನಿ. ಇವರ ಕಣ್ಣು ನೀರಿನ ಚೊಂಬಿನ ಮೇಲೆ. ಈಗ ನನ್ನ ಮೇಲೆ… ಮತ್ತೆ ಚೊಂಬಿನ ಮೇಲೆ. ಬಾಯಿ ತೆಗೆದಿದ್ದಾರೆ. ತಾಳಿ, ಚಮಚ —