ಹತ್ತಿ ಜಿನ್ನಿಗೆ ಹೋದ ಅಂಬಲಿಯ ಹುಟ್ಟು

ಚಿಗವ್ವಾ,

ನಿನ್ನ ಹುಟ್ಟಿನ ಕತೆಯನ್ನು ಮೊದಲು ಹೇಳಿದವಳು ಹುಸೇನಬಿ. ಎಪ್ಪತ್ತೆಂಟರ ಹತ್ತಿ ಸುಗ್ಗಿಯಲ್ಲಿ, ನಿನ್ನನ್ನು ಮಣ್ಣು ಮಾಡಿ ಬಂದ ಸಂಜೆ. ನೀನು ಹುಟ್ಟಿದ ಕತೆಯಲ್ಲ, ಅಂಬಲಿ ತಿರುವುವ ಆ ಕಟ್ಟಿಗೆ ಹುಟ್ಟಿನದು. ಹತ್ತಿಯಿಂದ ಬೀಜ ಬಿಡಿಸುವ ಗದಗಿನ ಜಿನ್ನಿನಲ್ಲಿ ನಿನ್ನ ಪಕ್ಕದ ಮಷೀನಿನವಳಲ್ಲವೇ ಅವಳು? ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಬೇರೆ ಸಾಲಿನ ಮಷೀನುಗಳ ಹೆಂಗಸರೂ ಕೂತು ಕೇಳಿದರು.

ನೀನು ಹುಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡ ಬೆಳಗು ನನಗೆ ನೆನಪಿದೆ. "ಅದನ್ನ ಒಯ್ದರ ಅಂಬಲಿ ಹ್ಯಾಂಗ ತಿರುವ್ಲಿ?" ಎಂದು ನಾನು ಕೇಳಿದೆ. "ನಿನ್ನ ನಾಲಗಿಲೇ ತಿರುವು. ಅದು ಹೆಂಗೂ ನಿಲ್ಲೂದಿಲ್ಲ" ಎಂದು ನೀನು ನಕ್ಕೆ.

ಹತ್ತಿ ಸಿಕ್ಕಿಕೊಂಡರೆ ಮಷೀನು ತಿರುಗಿಸುವ ಪಟ್ಟಾ ಇಳಿಸಿ ಮಷೀನು ನಿಲ್ಲಿಸುವವನು ಮಿಸ್ತ್ರಿ ಮಾತ್ರ. ಹೆಣ್ಣುಮಕ್ಕಳು ಮಷೀನಿಗೆ ಕೈ ಹಚ್ಚಬಾರದಂತೆ! ಸಿಕ್ಕ ಹತ್ತಿ ದೂಡಲು ಓಡುವ ರೂಲಿನ, ಆ ಉರುಳೆಯ, ಬಾಯಿಗೆ ಬೆರಳು ಕೊಡಬಹುದಂತೆ. ಮಿಸ್ತ್ರಿ ಚಹಾದಂಗಡಿಯಲ್ಲಿ, ಬೈಗುಳ ನಿಮಗೆ. ಅದಕ್ಕೇ ನೀನು ಹುಟ್ಟಿನಿಂದ ಹತ್ತಿ ದೂಡತೊಡಗಿದೆ.

ಆಳುಗಳ ಮೇಲಿನ ಮುಕಾದಮ ಅದನ್ನು ಕಂಡ. "ಏನವಾ ಗಂಗವ್ವ, ಇದು ಜಿನ್ನೋ, ನಿನ್ನ ಅಡಗಿಮನಿಯೋ?"

"ಅಡಗಿಮನ್ಯಾಗ ಕುದಿಯೋ ಅಂಬಲಿಗೆ ಯಾರೂ ಕೈ ಹಾಕೂದಿಲ್ರಿ. ಇಲ್ಲಿ ಯಾಕ ಹಾಕಬೇಕು?"

ಹಿಂದಿನ ವಾರವಷ್ಟೇ ಮಿಸ್ತ್ರಿ ಹರಿದ ಪಟ್ಟಾವನ್ನು ಸೈಕಲ್ ಟ್ಯೂಬಿನಿಂದ ಬಿಗಿದಾಗ, ಇದೇ ಮುಕಾದಮ "ಭಾಳ ಶಾಣ್ಯಾ" ಎಂದಿದ್ದ. ನಿನ್ನ ಹುಟ್ಟಿಗೆ ಅವನಿಟ್ಟ ಹೆಸರು ಸೊಕ್ಕು. ಕಸಿದುಕೊಂಡು ತನ್ನ ಖೋಲಿಗೆ ಎಸೆದ. ಆ ಮಧ್ಯಾಹ್ನ ಮತ್ತೆ ಹತ್ತಿ ಸಿಕ್ಕಿತು. ಬರಿಗೈಯಿಂದ ದೂಡಲು ಹೋಗಿ ನೀನು ಕೂಗಿದೆ. ಮಿಸ್ತ್ರಿ ಓಡಿ ಬಂದು ಪಟ್ಟಾ ಇಳಿಸುವಷ್ಟರಲ್ಲಿ ನಿನ್ನ ಬಲಗೈ...

ದವಾಖಾನೆಯಲ್ಲಿ ಗಾಯ ನಂಜೇರಿ ಮೈಯೆಲ್ಲ ಸುಡುತ್ತಿದ್ದಾಗ ನೀನು ಕೇಳಿದ್ದು ಒಂದೇ ಮಾತು: "ಹುಟ್ಟು ಇಸಗೊಂಡು ಬಂದ್ಯಾ?"

ಹುಸೇನಬಿ ಕತೆ ಮುಗಿಸಿದಳು. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು.

ಮರುದಿನ ಬೆಳಿಗ್ಗೆ ಜಿನ್ನಿನ ಬಾಗಿಲಲ್ಲಿ ಪ್ರತಿಯೊಬ್ಬಳ ಟೊಂಕದಲ್ಲೂ ಅವಳವಳ ಮನೆಯ ಹುಟ್ಟು! ಮುಕಾದಮ ಹುಬ್ಬೇರಿಸಿದ. "ಏನು, ಎಲ್ಲಾರೂ ಇಲ್ಲೇ ಅಡಗಿ ಮಾಡವ್ರೇನು?"

"ಹೌದ್ರಿ" ಎಂದಳು ಹುಸೇನಬಿ. "ಕುಂಡ್ರಿ, ನಿಮಗ ಮೊದಲ ಬಡಸ್ತೀವಿ."

ಯಾರೂ ನಗಲಿಲ್ಲ. ಅವನೇ ಪಕ್ಕಕ್ಕೆ ಸರಿದ.

ನಿನ್ನ ಜಾಗಕ್ಕೆ ಬಂದವಳು ನಾನು, ಚಿಗವ್ವ. ಮನೆಯಲ್ಲಿ ಬೇರೆ ಗತಿ ಏನಿತ್ತು? ನನ್ನ ಟೊಂಕ ಮಾತ್ರ ಬರಿದಾಗಿತ್ತು. ನೇರ ಅವನ ಖೋಲಿಗೆ ಹೋದೆ. ಹೊರಬಂದು ನಿನ್ನ ಮಷೀನಿನ ಮುಂದೆ ಕೂತೆ. ರೂಲಿನ ಮೇಲೆ ಕಪ್ಪು ಕಲೆ ಇನ್ನೂ ಇತ್ತು.

ಇಸಗೊಂಡು ಬಂದೆ, ಚಿಗವ್ವ.