ನೀರಗಂಟಿ ಮುನಿಯಣ್ಣನ ಪಾದದ ಅಳತೆ

ಮುನಿಯಣ್ಣಾ,

ನಿನಗೆ ಓದು ಬರುವುದಿಲ್ಲ ಎಂದು ಗೊತ್ತಿದ್ದೂ ಕಾಗದ ಬರೆಯುತ್ತಿದ್ದೇನೆ. ಕೆರೆ ಏರಿಯ ಮೇಲೆ, ತೂಬಿನ ಕಲ್ಲಿನ ಪಕ್ಕ ಕೂತಿದ್ದೇನೆ. ಬರೆದಾದ ಮೇಲೆ ಇಲ್ಲೇ ಗಟ್ಟಿಯಾಗಿ ಓದಿಬಿಡುತ್ತೇನೆ. ನೀನು ಹೋಗಿ ಎಂಟು ತಿಂಗಳಾಯಿತು. ಈಚೆಗೆ ಬಿಸಿಲಲ್ಲಿ ನಿಲ್ಲುವುದಕ್ಕೇ ನನಗೆ ಭಯ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆ ನಡೆಯುತ್ತಿರುತ್ತದೆ, ನಾನು ನನ್ನ ನೆರಳನ್ನೇ ನೋಡುತ್ತಿರುತ್ತೇನೆ. ಬೆನ್ನ ಹಿಂದೆ ನಿನ್ನ ನಡಿಗೆ ಕೇಳಿಸುತ್ತದೆ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ತಿರುಗಿದರೆ ಯಾರೂ ಇರುವುದಿಲ್ಲ. ಸಿಟ್ಟಾಗಿ ಬರುತ್ತೀಯೋ, ಸುಮ್ಮನೆ ಬರುತ್ತೀಯೋ...

ಮೊದಲ ಸಲ ನನ್ನನ್ನು ಗದ್ದೆ ಬಯಲಿಗೆ ಕರೆದುಕೊಂಡು ಹೋದ ದಿನ ನೆನಪಿದೆಯಾ? ಮಧ್ಯಾಹ್ನ ಇಳಿದಿತ್ತು. ನೀನು ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ನಿನ್ನ ನೆರಳಿನ ತಲೆ ಬಿದ್ದ ಜಾಗಕ್ಕೆ ನನ್ನ ಕೈಯಲ್ಲಿ ಒಂದು ಮಣ್ಣಿನ ಹೆಂಟೆ ಇಡಿಸಿದೆ. ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ಇಡುತ್ತಾ ಹೆಂಟೆಯವರೆಗೂ ಎಣಿಸಿದೆ. "ಹನ್ನೆರಡು ಆಯ್ತು ನೋಡಿ ಮೇಷ್ಟ್ರೇ. ನಿಮ್ ಗದ್ದೆ ಬಾಯಿ ಮುಚ್ಚಿ ಪುಟ್ಟಮ್ಮನ ಕಡೀಕೆ ಬಿಡ್ತೀನಿ" ಎಂದೆ. ಸಾಲಿನಲ್ಲಿ ನಮ್ಮದು ಕೊನೆಯಿಂದ ಎರಡನೆಯ ಗದ್ದೆ. ಕೊನೆಯದು ಗಂಡ ಸತ್ತ ಪುಟ್ಟಮ್ಮನದು. ನೆರಳು ಹನ್ನೆರಡಾದಾಗಿನಿಂದ ಹೊತ್ತು ಮುಳುಗುವವರೆಗೆ ಬರುವ ನೀರಷ್ಟೇ ಅವಳ ಪಾಲು.

ನಾನು ಹೊಸದಾಗಿ ಕೊಂಡ ಕೈಗಡಿಯಾರ ತೋರಿಸಿ, ಇದು ಸುಲಭವಲ್ಲವೇ ಎಂದು ಕೇಳಿದೆ. ನೀನು ನಕ್ಕೆ. "ಗಡಿಯಾರ ನಿಮ್ ಕೈಯಾಗೈತೆ, ನಿಮ್ ಗದ್ದೇನೂ ಇಲ್ಲೇ ಐತೆ. ನೆರಳಾದ್ರೆ ಎಲ್ರಿಗೂ ಕಾಣ್ತದೆ." ಈ ಮಾತನ್ನೂ ಬರೆದುಕೊಳ್ಳುತ್ತಿದ್ದಾಗ ಪುಸ್ತಕದ ಮೇಲೆ ಕೈ ಅಡ್ಡ ಹಿಡಿದು, "ಬರ್ಕೊಳ್ಳೋದು ಆಮ್ಯಾಕೆ. ಮೊದ್ಲು ನೋಡಿ" ಎಂದೆ. ನಾನು ನೋಡಿದೆನೇ? ಮೂರು ವರ್ಷ ನಿನ್ನ ಹಿಂದೆ ಅಲೆದೆ. ಯಾವ ತಿಂಗಳಲ್ಲಿ, ಯಾರ ಗದ್ದೆಗೆ, ಎಷ್ಟು ಪಾದ ನೆರಳಿಗೆ ನೀರು ತಿರುಗಬೇಕೆಂದು ಎರಡು ನೋಟುಬುಕ್ಕು ತುಂಬಿಸಿದೆ. ನೀನು ಹೇಳಿದ್ದರಲ್ಲಿ ಒಂದಕ್ಷರ ಬಿಡಲಿಲ್ಲ ಎಂದು ಜಂಭ ಬೇರೆ ಪಟ್ಟೆ.

ಜ್ವರದಲ್ಲಿ ಮಲಗಿದ್ದಾಗ ನಿನ್ನ ಗುಡಿಸಲಿನ ಹೊರಗೇ ನಿಂತು ಮಾತಾಡಿಸಿದೆ. ಅಂದೂ ಒಳಗೆ ಬರಲಿಲ್ಲ. ನೀನು ಒಳಗಿನಿಂದಲೇ ಕೇಳಿದೆ: "ಅದು ಪುಸ್ತಕ ಆಯ್ತದಾ ಮೇಷ್ಟ್ರೇ?" ಆಗುತ್ತೆ ಎಂದೆ. "ನನ್ ಹೆಸ್ರೂ ಇರ್ತದಾ?" ಇಲ್ಲದೆ ಏನು, ಇದ್ದೇ ಇರುತ್ತೆ ಎಂದೆ. ಐದನೆಯ ದಿನ ನೀನು ಹೋದೆ.

ಬೆಂಗಳೂರಿನ ಬಳೇಪೇಟೆಯ ಗಲ್ಲಿಯಲ್ಲಿ ಒಂದು ಸಣ್ಣ ಪ್ರೆಸ್ಸಿದೆ. ಒಂದೇ ಮುದ್ರಣ ಯಂತ್ರ, ವರ್ಷಕ್ಕೆ ಮೂರೋ ನಾಲ್ಕೋ ಪುಸ್ತಕ. ಯಜಮಾನರಿಗೆ ಬರೆದಾಗ ಅವರಿಂದ ಕಾರ್ಡು ಬಂತು: ಇಡೀ ಪುಸ್ತಕ ಬೇಡ, ಏನು ಬರೆಯುತ್ತೀರಿ ಯಾಕೆ ಬರೆಯುತ್ತೀರಿ ಎಂದು ನಾಲ್ಕು ಪುಟ, ಒಂದು ಪರಿವಿಡಿ, ಮಾದರಿಗೆ ಒಂದು ಅಧ್ಯಾಯ ಕಳಿಸಿ. ರಾಗಿ ಕಟಾವಿನ ರಜೆಯಲ್ಲಿ ಕೂತು ಬರೆದೆ. 'ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವವನೇ ನೀರಗಂಟಿ' ಎಂದು ಶುರು ಮಾಡಿದೆ. ನಿನ್ನ ಹೆಸರು ಬರೆಯಬೇಕಾದ ಜಾಗ ಬಂದಾಗ ಪೆನ್ನು ನಿಂತಿತು. ಊರಲ್ಲಿ ಅಪ್ಪ ಏನೆನ್ನುತ್ತಾನೋ, ಪೇಟೆಯಲ್ಲಿ ಓದಿದವರು ಏನೆನ್ನುತ್ತಾರೋ. 'ಊರಿನ ಹಿರಿಯರೊಬ್ಬರು ತಿಳಿಸಿದಂತೆ' ಎಂದು ಬರೆದು ಮುಗಿಸಿದೆ. ಕೆಳಗೆ ನನ್ನ ಹೆಸರು ಮಾತ್ರ, ದಪ್ಪ ಅಕ್ಷರದಲ್ಲಿ. ಅದನ್ನು ದೊಡ್ಡಬಳ್ಳಾಪುರದ ಅಂಚೆಗೆ ಹಾಕಿ ಬಂದ ದಿನವೇ ನಿನ್ನ ನಡಿಗೆ ಮೊದಲು ಕೇಳಿಸಿದ್ದು.

ಅಷ್ಟರಲ್ಲಿ ನಿನ್ನ ತಮ್ಮನ ಮಗ ನಂಜಪ್ಪ ನೀರಗಂಟಿಯಾಗಿದ್ದ. ಅವನಿಗೆ ಅನುಭವ ಸಾಲದು, ಆಗಾಗ ಬಂದು ನನ್ನ ನೋಟುಬುಕ್ಕು ಕೇಳಿಕೊಂಡು ಹೋಗುತ್ತಿದ್ದ. ಯಾರಾದರೂ ತಕರಾರು ತೆಗೆದರೆ "ಮೇಷ್ಟ್ರ ಬುಕ್ಕಲ್ಲಿ ಅಂಗೇ ಐತೆ" ಎನ್ನುತ್ತಿದ್ದ. ನನಗೆ ಹಿಗ್ಗೋ ಹಿಗ್ಗು. ಒಂದು ದಿನ ಪುಟ್ಟಮ್ಮ ಶಾಲೆಯ ಹತ್ತಿರ ಬಂದಳು. "ಮುನಿಯಣ್ಣ ಹೋದ್ಮ್ಯಾಲೆ ನೀರು ನನ್ ಗದ್ದೆ ತುದಿ ಮುಟ್ತಾ ಇಲ್ಲ ಮೇಷ್ಟ್ರೇ. ಪೈರು ಕೆಂಪಾಗ್ತಾ ಐತೆ." ಈ ಸಲ ಕೆರೆಯಲ್ಲೇ ನೀರು ಕಮ್ಮಿ ಕಣಮ್ಮ ಎಂದೆ. "ಅಂಗೇ ಇರ್ಬೇಕು ಬುಡಿ" ಎಂದು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದಳು. ನನಗೆ ಆಗ ಏನೂ ಹೊಳೆಯಲಿಲ್ಲ.

ಪ್ರೆಸ್ಸಿನವರು ಬರಹೇಳಿದಾಗ ಒಗೆದ ಪಂಚೆ ಉಟ್ಟು ಹೋದೆ. ಅವರು ನನ್ನ ಅಧ್ಯಾಯ ಹಿಡಿದುಕೊಂಡು ಹಿತ್ತಲಿಗೆ ಕರೆದರು. ಬಿಸಿಲಲ್ಲಿ ನಿಂತು ತಮ್ಮ ನೆರಳನ್ನು ತಾವೇ ಅಳೆದರು, ನನ್ನಿಂದಲೂ ಅಳೆಸಿದರು. "ನಿಮಗೆ ಏಳು, ನನಗೆ ಆರೂವರೆ. ಪುಸ್ತಕ ಓದಿ ಯಾರಾದರೂ ಅಳೆದರೆ ಸರಿ ಬರಬೇಕಲ್ಲ. ಇಲ್ಲಿ ಬರೆದಿರೋದು ಯಾರ ಪಾದ?" ಎಂದು ಕೇಳಿದರು. ಊರಿನ ಹಿರಿಯರೊಬ್ಬರದು ಎಂದೆ. "ಅವರಿಗೆ ಹೆಸರಿಲ್ಲವೇ? ಅವರ ಪಾದ ಎಷ್ಟುದ್ದ?"

ವಾಪಸು ಬರುವ ಬಸ್ಸಿನಲ್ಲಿ, ರಾಜಾನುಕುಂಟೆ ದಾಟಿದ ಮೇಲೆ, ನನಗೆ ಹೊಳೆಯಿತು. ಮುನಿಯಣ್ಣಾ, ನಿನ್ನ ಬಲಗಾಲಿಗೆ ಬೆರಳುಗಳೇ ಇರಲಿಲ್ಲ. ಹರೆಯದಲ್ಲಿ ತೂಬಿನ ಕಲ್ಲು ಬಿದ್ದು ಅರ್ಧ ಪಾದ ಹೋಗಿತ್ತು. ಊರಿಗೆಲ್ಲ ಗೊತ್ತಿದ್ದ ಕಾಲು. ನಾನು ತಲೆ ತಗ್ಗಿಸಿ ಬರೆಯುತ್ತಾ ಕೂತಿದ್ದೆ, ಪಕ್ಕದಲ್ಲೇ ಇದ್ದ ಆ ಕಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಂಜಪ್ಪನ ಕಾಲು ಎರಡೂ ಪೂರಾ. ಅವನ ಹನ್ನೆರಡು ಪಾದಕ್ಕೆ ನೆರಳು ಇನ್ನೂ ಉದ್ದ ಬೆಳೆಯಬೇಕು, ನೀರು ಅಷ್ಟು ತಡವಾಗಿ ತಿರುಗಬೇಕು. ಆ ಹೊತ್ತಿನ ನೀರೆಲ್ಲ ಯಾರ ಗದ್ದೆಗೆ ಹರಿಯಿತು? ನಮ್ಮದಕ್ಕೆ. ಮೇಷ್ಟ್ರು ಬೇಕೆಂದೇ ತಪ್ಪು ಬರೆದಿದ್ದಾರೆ ಎಂದು ಪುಟ್ಟಮ್ಮ ಅಂದುಕೊಂಡಿರಬೇಕು. ನೀನೂ ಹಾಗೇ ಅಂದುಕೊಂಡೆಯಾ? ಅದಕ್ಕೇ ನನ್ನ ಹಿಂದೆ ಬರುತ್ತಿದ್ದೀಯಾ?

ಬಸ್ಸಿಳಿದವನು ಮನೆಗೆ ಹೋಗದೆ ನೇರ ನಿನ್ನ ಕೇರಿಗೆ ಬಂದೆ. ಈ ಸಲ ತಲೆ ಬಗ್ಗಿಸಿ ಒಳಗೇ ಹೋದೆ. ನಿನ್ನ ಹೆಂಡತಿ ಚೌಡಮ್ಮ ಗಾಬರಿಯಾಗಿ ಎದ್ದು ನಿಂತಳು. ನಿನ್ನ ಚಪ್ಪಲಿ ಕೇಳಿದೆ. "ಅವ್ರ ಮೆಟ್ಟಾ? ನಿಮ್ಗ್ಯಾಕೆ ಸ್ವಾಮಿ?" ಎನ್ನುತ್ತಾ ಸೂರಿನ ಗಳುವಿಗೆ ಸಿಕ್ಕಿಸಿದ್ದ ಜೋಡು ತೆಗೆದುಕೊಟ್ಟಳು. ಬಲಗಾಲಿನದು ಗಿಡ್ಡ. ತೊಗಲಿನ ಅಟ್ಟೆಯ ಮೇಲೆ ನಿನ್ನ ಪಾದದ ಕಪ್ಪು ಗುರುತು ಇನ್ನೂ ಇತ್ತು. ಅದನ್ನು ನೋಡಿ ಅತ್ತುಬಿಟ್ಟೆ ಕಣಣ್ಣಾ, ಅವಳ ಮುಂದೆಯೇ. ಆಮೇಲೆ ಅವೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಊರ ನಡುವೆ ನಡೆದು ಬಂದೆ.

ಆ ಗುರುತಿನ ಅಳತೆಗೆ ಸರಿಯಾಗಿ ಬಡಗಿಯಿಂದ ಎರಡು ಹಲಗೆ ಕೊಯ್ಯಿಸಿದೆ. ನಂಜಪ್ಪ ನಿನ್ನಷ್ಟೇ ಎತ್ತರ. ಅವನ ನೆರಳಿನ ಮೇಲೆ ಹಲಗೆ ಇಟ್ಟು ಹನ್ನೆರಡು ಎಣಿಸಿದೆವು. ಅಲ್ಲಿಂದ ಅವನ ಸ್ವಂತ ಪಾದಕ್ಕೆ ಹನ್ನೆರಡಾಗುವಷ್ಟರಲ್ಲಿ ಗಡಿಯಾರದಲ್ಲಿ ಕಾಲು ಗಂಟೆಗಿಂತ ಹೆಚ್ಚು ಕಳೆದಿತ್ತು. ಪುಟ್ಟಮ್ಮನ ಗದ್ದೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕಳೆ ಕೀಳುವುದನ್ನು ನಿಲ್ಲಿಸದೆ, "ಈಗ್ಲಾದ್ರೂ ಗೊತ್ತಾಯ್ತಲ್ಲ" ಎಂದಳು. ತುದಿಯ ಪೈರು ಆಗಲೇ ಸುಟ್ಟುಹೋಗಿತ್ತು. ಅದನ್ನು ನಾನು ಯಾವ ಪುಟದಲ್ಲಿ ತಿದ್ದಲಿ?

ನಾಲ್ಕು ಪುಟವನ್ನು ಮತ್ತೆ ಬರೆದು ಕಳಿಸಿದೆ. ಮೊದಲ ಸಾಲೇ ನಿನ್ನ ಹೆಸರು. ತಪ್ಪು ಹೇಗಾಯಿತು, ಯಾರ ಗದ್ದೆ ಒಣಗಿತು, ಯಾರ ಗದ್ದೆ ನೆನೆಯಿತು ಎಂಬುದನ್ನೂ ಮುಚ್ಚಿಡಲಿಲ್ಲ. ಹೋದ ಸೋಮವಾರ ಉತ್ತರ ಬಂತು. ಪುಸ್ತಕ ಮಾಡುತ್ತಾರಂತೆ. ನಿನ್ನ ಎರಡೂ ಪಾದದ ಗೆರೆ ಇದ್ದಷ್ಟೇ ಅಳತೆಯಲ್ಲಿ ಅಚ್ಚಾಗುತ್ತದಂತೆ. ಬಲಪಾದ ಪುಟದಲ್ಲಿ ಸರಿಯಾಗಿ ಹಿಡಿಸುತ್ತದೆ, ಎಡಪಾದಕ್ಕೆ ಮಡಚಿದ ಹಾಳೆ ಹಾಕಬೇಕು ಎಂದು ಬರೆದಿದ್ದಾರೆ. ಹೆಸರು ಇಬ್ಬರದೂ, ನಿನ್ನದು ಮೇಲೆ.

ಒಪ್ಪಿಗೆಯ ಕಾಗದಕ್ಕೆ ನಿನ್ನ ಕಡೆಯಿಂದ ನಿನ್ನೆ ಚೌಡಮ್ಮ ಹೆಬ್ಬೆಟ್ಟು ಒತ್ತಿದಳು, ನಮ್ಮ ಮನೆಯ ಜಗಲಿಯ ಮೇಲೆ ಕೂತು. ಮೊದಲು ಕೆಳಗೇ ನಿಂತಿದ್ದಳು, ನಾನು ಬಿಡಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಹೋದ.

ಈಗ ಕೆಳಗೆ ನಮ್ಮ ಗದ್ದೆಗೆ ನೀರು ಹರಿಯುತ್ತಿದೆ. ನಂಜಪ್ಪ ಹಲಗೆ ಇಡುತ್ತಾ ಕೂಗಿ ಎಣಿಸುತ್ತಿದ್ದಾನೆ, ಪುಟ್ಟಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಾಳೆ. ಹತ್ತಾಯಿತು. ಇರು ಮುನಿಯಣ್ಣಾ, ಓದುವುದು ಆಮೇಲೆ. ನಮ್ಮ ಗದ್ದೆಯ ಬಾಯಿ ನಾನೇ ಮುಚ್ಚಿ ಬರುತ್ತೇನೆ.