ಮನಿಯಾಗ ಕುಂತು ತುಂಬಿದ ಇಪ್ಪತ್ತೆರಡು ಹಾಳಿ

ರಬಕವಿ
೯ ಫೆಬ್ರುವರಿ ೧೯೮೩, ಬುಧವಾರ

ಪ್ರೀತಿಯ ತಮ್ಮ ವಿಠೋಬಾ,

ನಿನ್ನ ಅಕ್ಕ ಶೇವಂತಿ ಮಾಡುವ ಆಶೀರ್ವಾದ. ಹೋದ ಕಾಗದದಾಗ ಜ್ವರಾ ಅಂತ ಬರದಿದ್ದಿ, ಈಗ ಹೆಂಗೈತಿ? ಧಾರವಾಡದ ಥಂಡಿಯೊಳಗ ಬರೇ ತಲಿಲೇ ತಿರಗಬ್ಯಾಡ, ಮಫ್ಲರ್ ಸುತ್ತಿಕೋ. ಅವ್ವನ ಮೊಣಕಾಲು ಹಂಗೇ ಅದಾವು. ನಿನ್ನ ಸಂಶೋಧನೆಗೆ ಬೆಂಗಳೂರಿನವರು ಧನಸಹಾಯದ ಪ್ರಶಸ್ತಿ ಕೊಡ್ತಾರಂತ ಕೇಳಿದ ದಿನ ಮಾತ್ರ ಕೋಲು ಬಿಟ್ಟು ಓಣಿತುಂಬ ಸಕ್ಕರಿ ಹಂಚಿ ಬಂದ್ಲು. ಗ್ರಂಥಾಲಯ ಶಾಸ್ತ್ರದಾಗ ಸಂಶೋಧನೆ ಅಂದ್ರ ಏನಬೇ ಅಂತ ಕೇಳಿದವರಿಗೆಲ್ಲ, "ನಮ್ಮ ವಿಠೂ ಯಾರ್ಯಾರು ಏನೇನು ಓದ್ತಾರಂತ ಬರದಾನ" ಅಂತ ಹೇಳಿದ್ಲು.

ಆ ಪ್ರಶಸ್ತಿ ವಿಷಯಾನ ಬರೀಬೇಕಾಗೇತಿ. ಹೋದ ಯುಗಾದಿಗೆ ಬಂದಾಗ ಅರವತ್ತು ಹಾಳಿ ನನ್ನ ಕೈಯಾಗ ಕೊಟ್ಟು ಹೋದಿ. ನೇಕಾರರ ಹೆಣ್ಣುಮಕ್ಕಳು ನನ್ನ ಮುಂದ ಬಾಯಿ ಬಿಡಂಗಿಲ್ಲ, ಅಕ್ಕಾ ನೀನ ಕೇಳಿ ತುಂಬು ಅಂದಿ. ಏನು ಓದ್ತೀರಿ, ತಿಂಗಳಿಗೆ ಎಷ್ಟು, ಪುಸ್ತಕ ಯಾರು ತಂದುಕೊಡ್ತಾರ ಅಂತ ಹದಿನಾಲ್ಕು ಪ್ರಶ್ನಿ. ಮೂವತ್ತೆಂಟು ಮನಿ ಖರೇನ ತಿರಗೇನಿ. ಆಮ್ಯಾಲೆ ಕೆಳಗಿನ ಓಣಿಗೆ ಹೋದ್ನಿ. ಮೊದಲನೇ ಮನಿಯಾಗ ಅನಸವ್ವ ರಾಟಿಮ್ಯಾಲ ನೂಲಿನ ಕಂಡಿಕಿ ಸುತ್ತಾಕತ್ತಿದ್ಲು. ನನ್ನ ಜೋಡಿ ಆಡಿ ಬೆಳದಾಕಿ, ಸಾಲಿ ಮೆಟ್ಟಲಾ ಹತ್ತಿಲ್ಲ. ನಾ ಹಾಳಿ ತಗದು ಓದಿದ ಕೂಡಲೆ ರಾಟಿ ನಿಲ್ಲಿಸಿ, "ನನಗ ಇದನ್ನ ಕೇಳಾಕ ಬಂದೀಯೇನ, ಶೇವಂತಿ?" ಅಂದ್ಲು. ಅಷ್ಟ. ಮುಂದಿನ ಮನಿ ಹೊಗಾಕ ನನಗ ಮಾರಿ ಉಳೀಲಿಲ್ಲ. ಜಲ್ದಿ ಕಳಸು ಅಂತ ನಿನ್ನ ಕಾರ್ಡೂ ಬಂದಿತ್ತು. ಉಳಿದ ಇಪ್ಪತ್ತೆರಡು ಹಾಳಿ ಮನಿಯಾಗ ಕುಂತು ನಾನ ತುಂಬಿ ಕಳಿಸಿದ್ನಿ. ನಮ್ಮೂರಿನವರು ಓದಾವರು ಅಂದ್ರ ನಿನಗ ಛಲೋ ಅನಸೀತು ಅಂತ ತಿಂಗಳಿಗೆ ಎರಡು, ಮೂರು ಪುಸ್ತಕ ಬರದ್ನಿ. ಅನಸವ್ವಗ ಮೂರು.

ಹೋದ ತಿಂಗಳು ಪ್ರಶಸ್ತಿ ಮಂಡಳಿಯಿಂದ ಒಬ್ಬ ಅಧಿಕಾರಿ ಹೆಣ್ಣುಮಗಳು, ಬಾಯಾರು, ಊರು ನೋಡಾಕ ಬಂದಿದ್ರು. ನಿನ್ನ ಹಾಳಿ ಹಿಡಕೊಂಡು ನೆಟ್ಟಗ ಅನಸವ್ವನ ಬಾಗಲಿಗೇ ಹೋದ್ರು. ನಾ ಹಿಂದ ನಿಂತಿದ್ನಿ. "ತಿಂಗಳಿಗೆ ಮೂರು ಪುಸ್ತಕ ಓದ್ತೀರಂತಲ್ಲ?" ಅಂದ್ರು. ಅನಸವ್ವ ಒಮ್ಮೆ ನನ್ನ ಮಾರಿ ನೋಡಿದ್ಲು. "ಹೌದ್ರಿ, ಪುರಸೊತ್ತಾದಾಗ ಓದತೇನ್ರಿ" ಅಂದ್ಲು. ಬಾಯಾರು ಖುಷಿಲೇ ಬರಕೊಂಡು, ನಮ್ಮ ಮಂಡಳಿ ನಡಸೂ ಅಕ್ಷರ ಕಲಸೂ ವರ್ಗ ಈ ಊರಿಗೆ ಬೇಕಾಗಿಲ್ಲ, ಬ್ಯಾರೆ ಕಡೆ ಕೊಡೂಣು ಅಂತ ಜೋಡಿ ಬಂದವರಿಗೆ ಹೇಳಿ ಹೋದ್ರು.

ಅನಸವ್ವ ನನ್ನ ಬಯ್ಯಲಿಲ್ಲ, ತಮ್ಮಾ. ಕುಡಿಯಾಕ ನೀರು ಕೊಟ್ಟು, "ನಿನ್ನ ತಮ್ಮನ ಸಲುವಾಗಿ ಸುಳ್ಳು ಹೇಳೇನಿ. ಆದ್ರ ನಮಗ ಓದಾಕ ಬರತೈತಿ ಅಂತ ನೀನ ಬರದಿಟ್ರ, ಕಲಸಾಕ ಯಾರು ಬರ್ತಾರಬೇ?" ಅಂದ್ಲು.

ಮರುದಿನದಿಂದ ಆ ಇಪ್ಪತ್ತೆರಡೂ ಮನಿಗೆ ಹೋದ್ನಿ. ಮೊದಲ ನನ್ನ ತಪ್ಪು ಹೇಳಿದ್ನಿ, ಆಮ್ಯಾಲೆ ಅವ ಪ್ರಶ್ನಿ ಕೈಲೇ ನಕಲು ಮಾಡಿದ ಹೊಸಾ ಹಾಳಿ ತಗದ್ನಿ. ಇಬ್ಬರು ಬಾಯಿಗೆ ಬಂದಂಗ ಬೈದ್ರು. ಹದಿನೇಳು ಮಂದಿಗೆ ಅಕ್ಷರಾನ ಬರಂಗಿಲ್ಲ. ಗುರುಬಸವ್ವ ಅನ್ನಾಕಿ ನೂಲಿನ ಗಂಟಿಗೆ ಸುತ್ತಿ ಬಂದ ಹಳೇ ಪೇಪರ ಬಿಡಿಸಿಟ್ಟು, ಮನಿಯಾಗ ಯಾರೂ ಇಲ್ಲದಾಗ ಓದ್ತಾಳಂತ. "ಇದೂ ಓದಿದಂಗ ಏನ?" ಅಂತ ಕೇಳಿದ್ಲು. ನಿನ್ನ ಹಾಳಿಯಾಗ ಅದಕ್ಕ ಜಾಗಾನ ಇಲ್ಲ. ಹಿಂದಿನ ಮಗ್ಗಲಾಗ ಬರದೇನಿ.

ವಿಠೂ, ತಪ್ಪು ಪೂರಾ ನಂದು. ಸಿಟ್ಟಾಗು, ಆದ್ರ ಊಟ ಬಿಡಬ್ಯಾಡ. ಅವ್ವಗ ಇನ್ನೂ ಹೇಳಿಲ್ಲ. ಆಕಿ ನಿನಗ ಆಶೀರ್ವಾದ ತಿಳಿಸ್ಯಾಳ.

ನಿನ್ನ ಅಕ್ಕ,
ಶೇವಂತಿ

ತಾ.ಕ.: ಟಪಾಲಿನ ಹೊತ್ತಾತು. ಖರೇ ಹಾಳಿ ಇಪ್ಪತ್ತೆರಡೂ ಈ ಲಕೋಟಿಯಾಗ ಅದಾವು. ಸಂಶೋಧನೆ ನೋಡಿಕೊಳ್ಳೂ ನಿನ್ನ ಗುರುಗಳಿಗೆ ಬರದ ಕಾಗದಾನೂ ಐತಿ. ಸುಳ್ಳು ತುಂಬಿದಾಕಿ ನಾನು, ವಿಠೋಬಾಗ ಗೊತ್ತಿರಲಿಲ್ಲ ಅಂತ ಬರದು ಸಹಿ ಮಾಡೇನಿ. ನೆಟ್ಟಗ ಅವರಿಗೇ ಟಪಾಲಿಗೆ ಹಾಕಬಹುದಿತ್ತು, ಹಾಕಿಲ್ಲ. ಮುಂದಿನ ತಿಂಗಳು ಪ್ರಶಸ್ತಿ ತಗೊಳ್ಳೂಕಿಂತ ಮೊದಲ ನೀನ ಕೈಯಾರೆ ಕೊಡು. ಕೊಟ್ಟು ಮನಿಗೆ ಬಾ, ಪ್ರಶಸ್ತಿ ಉಳದ್ರೂ ಬಾ, ಹೋದ್ರೂ ಬಾ. ಬರೂ ಮುಂದ ಪಾಟಿ, ಬಳಪ ತಗೊಂಡು ಬಾ. ಸಂಜಿಗೆ ನಮ್ಮ ಕಟ್ಟಿಮ್ಯಾಲ ಏಳು ಮಂದಿ ಕುಂದರಾಕತ್ತಾರ.